ಸಂಖ್ಯಾಶಾಸ್ತ್ರದ ಪಾಠದಲ್ಲಿ ಒಪ್ಪಿಗೆಯ ಪ್ರಶ್ನೆ: ಧ್ವನಿ ದತ್ತಾಂಶ, ಉಗ್ಗು ಮತ್ತು ಒಂಬತ್ತನೇ ತರಗತಿ

ಸಂಖ್ಯಾಶಾಸ್ತ್ರ ಘಟಕ ಬಂತೆಂದರೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಮಕ್ಕಳ ಎತ್ತರ, ತೂಕ, ಕಿರುಪರೀಕ್ಷೆಯ ಅಂಕ ಇವನ್ನೇ ದತ್ತಾಂಶವಾಗಿ ತೆಗೆದುಕೊಳ್ಳುತ್ತೇವೆ. ಲೆಕ್ಕ ಸುಲಭ, ಚಾರ್ಟ್ ಮಾಡುವುದೂ ಸುಲಭ. ಆದರೆ ಈ ದತ್ತಾಂಶ ಯಾರದು, ಅದನ್ನು ಯಾರು ಯಾಕೆ ತೆಗೆದುಕೊಂಡರು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಈ ಸಲದ ಇಂಟರ್ನ್‌ಶಿಪ್ ಅವಧಿಯಲ್ಲಿ ಧಾರವಾಡ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಗೆ ಇದೇ ಘಟಕವನ್ನು ಬೇರೆ ದತ್ತಾಂಶದಿಂದ ಕಲಿಸಿದೆ. ಮಾತನ್ನು ಕೇಳಿ ಬರಹ ಮಾಡುವ ಕೃತಕ ಬುದ್ಧಿಮತ್ತೆಗೆ ತರಬೇತಿ ಕೊಡಲು ಜನರಿಂದ ಸಂಗ್ರಹಿಸುವ ಧ್ವನಿಯೇ ಆ ದತ್ತಾಂಶ. ಮೂರು ಅವಧಿ ಹಿಡಿಯಿತು. ಇದೇ ಪಾಠವನ್ನು ಮುಂದೆ ಕೈಗೆತ್ತಿಕೊಳ್ಳುವವರಿಗೆ ನೆರವಾಗಲೆಂದು ಯೋಜನೆಯನ್ನೂ ಅದರ ಹಿಂದಿನ ವಿಚಾರವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ತರಗತಿಯಲ್ಲಿ ಉಗ್ಗಿ ಮಾತನಾಡುವ ಒಬ್ಬ ವಿದ್ಯಾರ್ಥಿ ಇದ್ದ. ಪಾಠದ ಮುಖ್ಯ ಉದಾಹರಣೆಯೂ ಉಗ್ಗೇ ಆಗಿತ್ತು. ಹಾಗಾಗಿ ಯೋಜನೆ ಬರೆಯುವ ಮೊದಲೇ ಮಾರ್ಗದರ್ಶಿ ಶಿಕ್ಷಕರ ಜೊತೆ ಎರಡು ವಿಷಯ ಇತ್ಯರ್ಥ ಮಾಡಿಕೊಂಡೆ. ಒಂದು, ಯಾವ ಮಗುವಿನ ಧ್ವನಿಯೂ ಫೋನಿನೊಳಗೆ ಹೋಗಬಾರದು. ಧ್ವನಿ ಟೈಪಿಂಗ್ ಬಳಸಿದಾಗ ನಮ್ಮ ಮಾತು ಫೋನಿನಲ್ಲೇ ಉಳಿಯುತ್ತದೋ, ಕಂಪನಿಯ ಸರ್ವರ್‌ಗೆ ಹೋಗುತ್ತದೋ ಎನ್ನುವುದು ಆ್ಯಪ್ ಮತ್ತು ಅದರ ಸೆಟ್ಟಿಂಗ್ ಮೇಲೆ ನಿಂತಿದೆ. ಮಕ್ಕಳ ಪರವಾಗಿ ಅದನ್ನು ನಿರ್ಧರಿಸುವ ಅಧಿಕಾರ ನನಗಿಲ್ಲ. ಆದ್ದರಿಂದ ವಾಕ್ಯ ಬರೆಯುವುದು ಮಕ್ಕಳು, ನನ್ನ ಫೋನಿಗೆ ಓದಿ ಹೇಳುವುದು ನಾನು. ಎರಡು, ಆ ವಿದ್ಯಾರ್ಥಿಯನ್ನು ಮೊದಲೇ ಕೇಳಬೇಕು. ಊಟದ ಬಿಡುವಿನಲ್ಲಿ, ಬೇರೆ ಯಾರೂ ಇಲ್ಲದಾಗ, ಮುಂದಿನ ವಾರದ ಪಾಠದಲ್ಲಿ ಉಗ್ಗಿನ ವಿಷಯ ಬರುತ್ತದೆ, ಬೇಡವೆಂದರೆ ಬೇರೆ ಉದಾಹರಣೆ ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಒಂದು ದಿನ ಬಿಟ್ಟೆ. ಮರುದಿನ ಅವನೇ ಬಂದು, “ಪಾಠ ಮಾಡ್ರಿ ಟೀಚರ್, ನನ್ನ ಹೆಸರ ತಗೀಬ್ಯಾಡ್ರಿ” ಎಂದ. ಈ ಲೇಖನದಲ್ಲಿ ಅವನ ಬಗ್ಗೆ ಇರುವ ಸಾಲುಗಳನ್ನು ಕಳಿಸುವ ಮೊದಲು ಅವನಿಗೂ ಅವನ ತಾಯಿಗೂ ಓದಿ ಹೇಳಿದ್ದೇನೆ. ಅವನು ಒಂದು ವಾಕ್ಯ ತೆಗೆಯಲು ಹೇಳಿದ. ಅದು ಇಲ್ಲಿಲ್ಲ.

ಮೊದಲ ಅವಧಿ: ತಪ್ಪನ್ನು ಎಣಿಸುವುದು

ಪ್ರಸ್ತಾವನೆಗೆ ಉಗ್ಗನ್ನು ತರಲಿಲ್ಲ. ನಮ್ಮ ಮಾತಿನಿಂದಲೇ ಶುರು ಮಾಡಿದೆ. ಮಕ್ಕಳು ಬರೆದುಕೊಟ್ಟ “ನಾ ನಾಳೆ ಸಾಲಿಗೆ ಬರ್ತೀನ್ರಿ” ಎಂಬ ವಾಕ್ಯವನ್ನು ಓದಿದೆ. ಫೋನು “ಸಾಲಿಗೆ” ಎನ್ನುವುದನ್ನು “ಸಾಲಕ್ಕೆ” ಎಂದು ಬರೆಯಿತು. ನಾಳೆ ಸಾಲ ಕೇಳಲು ಬರುವ ಹುಡುಗನ ಬಗ್ಗೆ ತರಗತಿ ಐದು ನಿಮಿಷ ನಕ್ಕಿತು. ನಗು ನಿಂತ ಮೇಲೆ “ಯಂತ್ರಕ್ಕೆ ಯಾಕೆ ಹೀಗಾಯಿತು?” ಎಂದು ಕೇಳಿದೆ. “ಅದಕ್ಕ ನಮ್ಮ ಮಾತು ಯಾರೂ ಕಲಿಸಿಲ್ರೀ” ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು. ಪರಿಕಲ್ಪನೆಯ ಅರ್ಧ ಭಾಗ ಅಲ್ಲಿಗೆ ಮುಗಿಯಿತು. ಯಂತ್ರ ವ್ಯಾಕರಣ ಓದಿ ಕಲಿಯುವುದಿಲ್ಲ. ಸಾವಿರಾರು ಗಂಟೆಗಳ ಮಾತನ್ನೂ ಅದರ ಬರಹವನ್ನೂ ಜೋಡಿಯಾಗಿ ಕೊಟ್ಟಾಗ ಅವುಗಳ ನಡುವಿನ ಸಂಬಂಧವನ್ನು ಹಿಡಿಯುತ್ತದೆ. ಆ ಜೋಡಿಗಳಲ್ಲಿ ಯಾರ ಮಾತು ಇಲ್ಲವೋ ಅವರ ಮಾತಿಗೆ ತಡವರಿಸುತ್ತದೆ.

ಆಮೇಲೆ ಪದದೋಷ ದರ ಎಂಬ ಅಳತೆ ಹೇಳಿಕೊಟ್ಟೆ. ಯಂತ್ರದ ಬರಹವನ್ನು ಸರಿಯಾದ ಬರಹದ ಪಕ್ಕ ಇಡಬೇಕು. ಬದಲಾದ ಪದ, ಬಿಟ್ಟುಹೋದ ಪದ, ಹೆಚ್ಚಾಗಿ ಸೇರಿದ ಪದ ಮೂರನ್ನೂ ಕೂಡಿಸಿ, ಸರಿಯಾದ ಬರಹದಲ್ಲಿರುವ ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಮೇಲಿನ ವಾಕ್ಯದಲ್ಲಿ ನಾಲ್ಕು ಪದ, ಬದಲಾದದ್ದು ಒಂದು, ದೋಷ ಶೇಕಡಾ 25. ಸೇರಿಕೊಂಡ ಪದಗಳನ್ನೂ ಎಣಿಸುವುದರಿಂದ ಈ ದರ ನೂರನ್ನು ದಾಟಬಲ್ಲದು. ಶೇಕಡಾ ನೂರಕ್ಕಿಂತ ಹೆಚ್ಚು ತಪ್ಪು ಹೇಗೆ ಸಾಧ್ಯ ಎಂಬ ಚರ್ಚೆಗೆ ಹತ್ತು ನಿಮಿಷ ಮೀಸಲಿಡಿ, ಮಕ್ಕಳು ಬಿಡುವುದಿಲ್ಲ.

ಎರಡನೇ ಅವಧಿ: ಸರಾಸರಿಯೊಳಗೆ ಮರೆಯಾಗುವವರು

ಈ ಅವಧಿಗೆ ಮುದ್ರಿತ ಅಭ್ಯಾಸ ಹಾಳೆ ಮಾಡಿಕೊಂಡಿದ್ದೆ. ಉಗ್ಗಿರುವ ವಾಕ್ಯ ಅದರಲ್ಲಿದ್ದುದರಿಂದ “ಕಣ್ಣಿನಲ್ಲಿ ಓದಿ, ಬಾಯಲ್ಲಿ ಬೇಡ” ಎಂದು ಮೇಲೆಯೇ ಬರೆದಿದ್ದೆ. ಕಪ್ಪುಹಲಗೆಯ ಮೇಲೆ ಬರೆದರೆ ಯಾರಾದರೂ ಗಟ್ಟಿಯಾಗಿ ಓದುತ್ತಾರೆ, ಓದಿದರೆ ಅಣಕವಾಗುತ್ತದೆ. ಈ ಪಾಠ ಮಾಡುವವರು ಇದೊಂದನ್ನು ಬದಲಿಸಬಾರದು ಎಂದು ನನ್ನ ಸೂಚನೆ.

ಮೊದಲ ಲೆಕ್ಕದ ಸಂಖ್ಯೆಗಳು ಕಲಿಕೆಗಾಗಿ ಊಹಿಸಿಕೊಂಡವು. 1000 ಮಂದಿ ತಲಾ ಅಷ್ಟೇ ಪದಗಳನ್ನು ಮಾತನಾಡಿದ್ದಾರೆ. ಅವರಲ್ಲಿ 990 ಮಂದಿಯ ಮಾತಿಗೆ ಯಂತ್ರದ ದೋಷ ಶೇಕಡಾ 5. ಉಳಿದ 10 ಮಂದಿಗೆ ಮಾತಿನ ತೊಂದರೆ ಇದೆ, ಅವರ ಮಾತಿಗೆ ದೋಷ ಶೇಕಡಾ 60. ಸರಾಸರಿ ಕಂಡುಹಿಡಿಯಿರಿ. 4950ಕ್ಕೆ 600 ಕೂಡಿಸಿ ಸಾವಿರದಿಂದ ಭಾಗಿಸಿದರೆ 5.55. ಆ ಹತ್ತು ಮಂದಿಯನ್ನು ಪಟ್ಟಿಯಿಂದ ತೆಗೆದುಹಾಕಿದರೆ 5. ವ್ಯತ್ಯಾಸ ಅರ್ಧ ಚಿಲ್ಲರೆ. ಮಧ್ಯಾಂಕ ಎರಡೂ ಸಲ 5, ರೂಢಿಬೆಲೆ ಎರಡೂ ಸಲ 5. ಅಂದರೆ ನಾವು ಕಲಿಸುವ ಮೂರು ಅಳತೆಗಳಲ್ಲಿ ಎರಡಕ್ಕೆ ಆ ಹತ್ತು ಮಂದಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕಂಪನಿಯೊಂದು “ನಮ್ಮ ಯಂತ್ರ ನೂರಕ್ಕೆ ತೊಂಬತ್ತೈದು ಸರಿ” ಎಂದರೆ ಸುಳ್ಳೇನೂ ಹೇಳಿದಂತಲ್ಲ. ಗುಂಪುಗಳನ್ನು ಬೇರೆ ಬೇರೆ ಸಾಲಿನಲ್ಲಿ ತೋರಿಸಲು ಹೇಳಿದಾಗಲೇ ಆ ಅರವತ್ತು ಹೊರಬರುತ್ತದೆ. ಕೇಂದ್ರೀಯ ಪ್ರವೃತ್ತಿಯ ಅಳತೆಗಳ ಮಿತಿಯನ್ನು ಕಲಿಸಲು ಇದಕ್ಕಿಂತ ನೇರವಾದ ಉದಾಹರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

ಎರಡನೆಯ ಲೆಕ್ಕ ಹೆಚ್ಚು ಸೂಕ್ಷ್ಮವಾದದ್ದು. ಹೇಳಬೇಕೆಂದಿದ್ದ ವಾಕ್ಯ “ನಾನು ನಾಳೆ ಶಾಲೆಗೆ ಬರುತ್ತೇನೆ”, ನಾಲ್ಕು ಪದ. ಉಗ್ಗಿನೊಂದಿಗೆ ಹೇಳಿದ್ದು “ನಾ ನಾ ನಾನು ನಾಳೆ ಶಾ ಶಾಲೆಗೆ ಬರುತ್ತೇನೆ”, ತುಣುಕುಗಳನ್ನೂ ಎಣಿಸಿದರೆ ಏಳು. ಯಂತ್ರ ಕೇಳಿದಂತೆಯೇ ಏಳನ್ನೂ ಬರೆಯಿತು ಎನ್ನೋಣ. ಸರಿಯಾದ ಬರಹ ಯಾವುದು? ಉದ್ದೇಶಿಸಿದ ನಾಲ್ಕು ಪದ ಎಂದರೆ ಮೂರು ಹೆಚ್ಚಾದವು, ದೋಷ ಶೇಕಡಾ 75. ಆಡಿದ ಏಳೇ ಸರಿ ಎಂದರೆ ದೋಷ ಸೊನ್ನೆ. ತಿರುಗಿಸಿ ನೋಡಿ: ಯಂತ್ರ ಉಗ್ಗನ್ನೆಲ್ಲ ಒರೆಸಿ ನಾಲ್ಕೇ ಪದ ಬರೆದರೆ ಮೊದಲ ಅಳತೆಯಲ್ಲಿ ದೋಷ ಸೊನ್ನೆ, ಎರಡನೆಯದರಲ್ಲಿ ಏಳರಲ್ಲಿ ಮೂರು ಬಿಟ್ಟುಹೋಗಿ ಸುಮಾರು ಶೇಕಡಾ 43. ಯಂತ್ರ ಒಂದೇ, ಮಾತು ಒಂದೇ, ಛೇದ ಬದಲಾದಾಗ ಉತ್ತರ ಬದಲಾಯಿತು.

ಹಾಗಾದರೆ ಛೇದವನ್ನು ನಿರ್ಧರಿಸುವವರು ಯಾರು? ಬ್ಯಾಂಕಿಗೆ ಅರ್ಜಿ ಬರೆಸುವಾಗ ನಾಲ್ಕು ಪದ ಸಾಕು. ತನ್ನ ಭಾಷಣವನ್ನು ಇದ್ದಂತೆಯೇ ದಾಖಲಿಸಬೇಕು, ತನ್ನ ಮಾತನ್ನು ಬೇರೆಯವರು ತಿದ್ದಬಾರದು ಎನ್ನುವವರಿಗೆ ಏಳೂ ಬೇಕು. ಇಲ್ಲಿ ತರಗತಿ ಎರಡು ಪಕ್ಷವಾಯಿತು. ಆ ವಿದ್ಯಾರ್ಥಿ ಚರ್ಚೆಯಲ್ಲಿ ಮಾತನಾಡಲಿಲ್ಲ, ನಾನು ಕರೆಯಲೂ ಇಲ್ಲ. ಅವನ ಗುಂಪಿನ ಹಾಳೆಯಲ್ಲಿ ಮಾತ್ರ ಅವನ ಅಕ್ಷರದಲ್ಲಿ “ಮಾತಾಡಿದವರನ್ನ ಕೇಳ್ರಿ” ಎಂದಿತ್ತು. ಹತ್ತು ಗುಂಪುಗಳ ಉತ್ತರಗಳಲ್ಲಿ ಗಣಿತದ ದೃಷ್ಟಿಯಿಂದಲೂ ಅದೇ ಸರಿಯಾದದ್ದು ಎನ್ನುವುದು ನನ್ನ ಮತ.

ಎರಡು ಸಂಗ್ರಹಗಳು

ಪ್ರಾಥಮಿಕ ದತ್ತಾಂಶ, ದ್ವಿತೀಯಕ ದತ್ತಾಂಶ ಎಂಬ ಭೇದವನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಅದಕ್ಕೆ ಜೀವ ಬರುವುದು ಎರಡು ನಿಜವಾದ ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟಾಗ.

2021ರಲ್ಲಿ ಆ್ಯಪಲ್ ಕಂಪನಿಯ ಸಂಶೋಧಕರು ಸೆಪ್-28ಕೆ ಎಂಬ ಸಂಗ್ರಹವನ್ನು ಪ್ರಕಟಿಸಿದರು. ತಲಾ ಮೂರು ಸೆಕೆಂಡಿನ 28,000ಕ್ಕೂ ಹೆಚ್ಚು ಧ್ವನಿ ತುಣುಕುಗಳು. ಯಾವ ತುಣುಕಿನಲ್ಲಿ ಮಾತು ತಡೆದಿದೆ, ಎಲ್ಲಿ ಸ್ವರ ಎಳೆದಿದೆ, ಎಲ್ಲಿ ಪದ ಮರುಕಳಿಸಿದೆ ಎಂದು ಗುರುತು ಹಾಕಲಾಗಿದೆ. ಇವನ್ನು ಆಯ್ದದ್ದು ಸಾರ್ವಜನಿಕವಾಗಿ ಲಭ್ಯವಿದ್ದ ಪಾಡ್‌ಕಾಸ್ಟ್‌ಗಳಿಂದ. ಅಲ್ಲಿ ಉಗ್ಗಿರುವವರು ಪರಸ್ಪರ ಸಂದರ್ಶನ ಮಾಡಿ ತಮ್ಮ ಬದುಕಿನ ಮಾತಾಡಿದ್ದರು. ಸಂಗ್ರಹ ಉಪಯುಕ್ತವೇ, ಇಷ್ಟು ದೊಡ್ಡ ಗಾತ್ರದ ದತ್ತಾಂಶ ಈ ವಿಷಯದಲ್ಲಿ ಆಗ ಅಪರೂಪವಾಗಿತ್ತು. ಆದರೆ ಆ ಜನ ಮೈಕಿನ ಮುಂದೆ ಕುಳಿತದ್ದು ತಮ್ಮಂಥ ಕೇಳುಗರಿಗಾಗಿ, ಯಂತ್ರಕ್ಕೆ ಕಲಿಸಲಿಕ್ಕಲ್ಲ. ಒಂದು ಉದ್ದೇಶಕ್ಕೆ ಹುಟ್ಟಿದ್ದನ್ನು ಇನ್ನೊಂದು ಉದ್ದೇಶಕ್ಕೆ ಬಳಸುವುದೇ ದ್ವಿತೀಯಕ ದತ್ತಾಂಶ ತಾನೆ? ಪಠ್ಯದ ವ್ಯಾಖ್ಯೆಯಲ್ಲಿ ತಟಸ್ಥವಾಗಿ ಕೂತಿರುವ ಆ ವಾಕ್ಯ ಇಲ್ಲಿ ಚುಚ್ಚುತ್ತದೆ.

2024ರಲ್ಲಿ ಪ್ರಕಟವಾದ ಎಎಸ್-70 ಎಂಬ ಚೀನೀ ಮ್ಯಾಂಡರಿನ್ ಭಾಷೆಯ ಸಂಗ್ರಹ ಇನ್ನೊಂದು ದಾರಿಯದು. ಇದರ ಹಿಂದೆ ಇರುವುದು ಸ್ಟ್ಯಾಮರ್‌ಟಾಕ್ ಎಂಬ ಉಗ್ಗುಳ್ಳವರದೇ ಬಳಗ. ಉಗ್ಗಿರುವ 70 ಮಂದಿ ಇದಕ್ಕೆಂದೇ ಧ್ವನಿ ಕೊಟ್ಟರು, ಸಂಭಾಷಣೆ ನಡೆಸಿದವರಿಗೂ ಉಗ್ಗಿತ್ತು. ಬರಹವನ್ನು ಉಗ್ಗು ಸಮೇತ, ಆಡಿದ ಹಾಗೆಯೇ ಮಾಡಲಾಯಿತು. ನಮ್ಮ ಲೆಕ್ಕದ ಮಾತಿನಲ್ಲಿ ಹೇಳುವುದಾದರೆ ಛೇದ ಏಳೋ ನಾಲ್ಕೋ ಎನ್ನುವುದನ್ನು ಮಾತಾಡಿದವರ ಬಳಗವೇ ತೀರ್ಮಾನಿಸಿತು.

ಒಪ್ಪಿಗೆ ಕೇಳುತ್ತಾ ಕುಳಿತರೆ ದತ್ತಾಂಶ ಸಿಗುವುದಿಲ್ಲ, ಸಿಗದಿದ್ದರೆ ವಿಕಲಚೇತನರೇ ಹೊರಗುಳಿಯುತ್ತಾರೆ ಎಂಬ ವಾದವನ್ನು ಚರ್ಚೆಗಳಲ್ಲಿ ಕೇಳಿದ್ದೇನೆ. 70 ಎಲ್ಲಿ, 28,000 ಎಲ್ಲಿ ಎಂದು ಮಕ್ಕಳೂ ಕೇಳಿದರು. ಹೋಲಿಕೆಯೇ ಸರಿಯಿಲ್ಲ, ಒಂದು ಮನುಷ್ಯರ ಎಣಿಕೆ, ಇನ್ನೊಂದು ಮೂರು ಸೆಕೆಂಡಿನ ತುಣುಕುಗಳ ಎಣಿಕೆ. ಏಕಮಾನ ನೋಡದೆ ಸಂಖ್ಯೆ ಹೋಲಿಸಬಾರದು ಎಂಬುದು ಆ ದಿನದ ಬೋನಸ್ ಪಾಠ. ದೊಡ್ಡ ಪ್ರಮಾಣದಲ್ಲೂ ಕೇಳಿ ಪಡೆಯುವುದು ಸಾಧ್ಯ ಎನ್ನುವುದಕ್ಕೆ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ 2022ರಲ್ಲಿ ಆರಂಭಿಸಿದ ಸ್ಪೀಚ್ ಆ್ಯಕ್ಸೆಸಿಬಿಲಿಟಿ ಪ್ರಾಜೆಕ್ಟ್ ಇದೆ. ಪಾರ್ಕಿನ್ಸನ್ ಕಾಯಿಲೆ ಇರುವವರಿಂದ ಶುರುವಾಗಿ ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಪಾರ್ಶ್ವವಾಯು ಇರುವವರವರೆಗೆ ಅದು ವಿಸ್ತರಿಸಿತು. ಭಾಗವಹಿಸಿದವರಿಗೆ ಹಣವನ್ನೂ ಕೊಡುತ್ತದೆ.

ಉಗ್ಗಿನಿಂದ ಸ್ವಲ್ಪ ಆಚೆ ಹೋಗಿ ಇನ್ನೊಂದು ಉದಾಹರಣೆ ಕೊಟ್ಟೆ, ಯಾಕೆಂದರೆ ಒಪ್ಪಿಗೆಯ ಕಠಿಣ ಮುಖ ಅಲ್ಲಿದೆ. ವಿಜ್‌ವಿಜ್ ಎಂಬ ಆ್ಯಪ್ ಮೂಲಕ ಅಂಧರು ಫೋಟೊ ತೆಗೆದು, “ಇದು ಯಾವ ಡಬ್ಬಿ?” ಎಂಬಂಥ ಪ್ರಶ್ನೆ ಕೇಳುತ್ತಿದ್ದರು. ಆ ಫೋಟೊ ಮತ್ತು ಪ್ರಶ್ನೆಗಳ ಸಂಗ್ರಹ 2018ರಲ್ಲಿ ಸಂಶೋಧನೆಗಾಗಿ ಪ್ರಕಟವಾಯಿತು. ಡಬ್ಬಿಯ ಫೋಟೊದ ಮೂಲೆಯಲ್ಲಿ ಬೇರೇನೋ ಸೇರಿರಬಹುದು: ಔಷಧಿಯ ಚೀಟಿ, ಬ್ಯಾಂಕಿನ ಕಾರ್ಡು, ಯಾರದೋ ಮುಖ. ತೆಗೆದವರಿಗೆ ಅದು ಕಾಣುವುದಿಲ್ಲ. ಖಾಸಗಿ ಮಾಹಿತಿ ಇರುವ ಚಿತ್ರಗಳನ್ನು ಹುಡುಕಿ ತೆಗೆಯುವ ಕೆಲಸವನ್ನು ಸಂಶೋಧಕರು ಪ್ರಕಟಣೆಗೆ ಮೊದಲೇ ಮಾಡಬೇಕಾಯಿತು. ಚಿತ್ರದಲ್ಲಿ ಏನಿದೆ ಎಂದು ಗೊತ್ತಿಲ್ಲದವರ ಒಪ್ಪಿಗೆ ಎಷ್ಟರಮಟ್ಟಿಗೆ ಒಪ್ಪಿಗೆ? ಇದಕ್ಕೆ ತರಗತಿಯಲ್ಲಿ ಉತ್ತರ ಸಿಗಲಿಲ್ಲ, ಸಿಗಬೇಕೆಂದು ನಾನು ಒತ್ತಾಯಿಸಲೂ ಇಲ್ಲ.

ನಮ್ಮ ಕಾಯ್ದೆಗಳು ಹೇಳುವುದು

ಇದು ಮಕ್ಕಳಿಗಿಂತ ನಮಗೆ ಬೇಕಾದ ಭಾಗ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ ಸಮ್ಮತಿ ಮುಕ್ತವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ತಿಳಿದು, ಷರತ್ತಿಲ್ಲದೆ, ಸ್ಪಷ್ಟ ಕ್ರಿಯೆಯ ಮೂಲಕ ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು. ಸೂಚನಾಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶವಿರಬೇಕು, ಅಂದರೆ ಕನ್ನಡದಲ್ಲೂ. ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕು. ಕಾನೂನುಬದ್ಧ ಪಾಲಕರಿರುವ ವಿಕಲಚೇತನರ ವಿಷಯವೂ ಅದೇ 9ನೇ ಕಲಮಿನಲ್ಲಿ, ಮಕ್ಕಳ ಜೊತೆಯಲ್ಲೇ ಬರುತ್ತದೆ. ನಲವತ್ತು ವರ್ಷದ ಮನುಷ್ಯನನ್ನೂ ಹದಿನಾಲ್ಕರ ಹುಡುಗನನ್ನೂ ಒಂದೇ ವಾಕ್ಯದಲ್ಲಿ ಕೂರಿಸುವುದು ನನಗಂತೂ ಹಿಡಿಸಲಿಲ್ಲ. ಜೊತೆಗೆ, ವ್ಯಕ್ತಿ ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಪಾಡ್‌ಕಾಸ್ಟಿನಲ್ಲಿ ತನ್ನ ಉಗ್ಗಿನ ಬಗ್ಗೆ ಧೈರ್ಯವಾಗಿ ಮಾತಾಡಿದವರಿಗೇ ಇಲ್ಲಿ ರಕ್ಷಣೆ ಕಡಿಮೆ ಎಂದಾಯಿತು.

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 6ನೇ ಕಲಮನ್ನು ನಮ್ಮಲ್ಲಿ ಓದಿದವರು ಕಡಿಮೆ. ಸಮನ್ವಯ ಶಿಕ್ಷಣದ ಪತ್ರಿಕೆಯಲ್ಲಿ ನಾವು ನಿಲ್ಲುವುದು 21 ವಿಧದ ಅಂಗವೈಕಲ್ಯಗಳ ಪಟ್ಟಿಯ ಬಳಿ, ಪರೀಕ್ಷೆಗೆ ಅದು ಬರುತ್ತದೆ. ಈ ಕಲಮು ಹೇಳುವುದು ಇಷ್ಟು: ವಿಕಲಚೇತನರನ್ನು ಯಾವುದೇ ಸಂಶೋಧನೆಗೆ ಒಳಪಡಿಸಬೇಕಾದರೆ ಅವರಿಗೆ ಎಟಕುವ ರೀತಿಯ ಸಂವಹನದಲ್ಲಿ ಪಡೆದ ಮುಕ್ತ, ತಿಳಿದುಕೊಟ್ಟ ಸಮ್ಮತಿ ಬೇಕು. ಜೊತೆಗೆ ಒಂದು ಸಮಿತಿಯ ಪೂರ್ವಾನುಮತಿ ಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಸ್ವತಃ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಸ್ಥೆಗಳವರು ಆಗಿರಬೇಕು. ಒಪ್ಪಿಗೆ ಮತ್ತು ಒಳಗೊಳ್ಳುವಿಕೆ ಎಂದು ನಾವು ಎರಡು ಶೀರ್ಷಿಕೆ ಮಾಡಿ ಓದುವುದನ್ನು ಈ ಕಲಮು ಒಂದೇ ಉಸಿರಿನಲ್ಲಿ ಹೇಳಿದೆ. ಯಂತ್ರಕ್ಕೆಂದು ಧ್ವನಿ ಸಂಗ್ರಹಿಸುವುದು ಸಂಶೋಧನೆಯೋ ವ್ಯಾಪಾರವೋ ಎಂದು ವಕೀಲರು ವಾದಿಸಬಹುದು. ಶಿಕ್ಷಕರಾಗಿ ನಾವು ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯೇನೂ ಇಲ್ಲ.

ಮೂರನೇ ಅವಧಿ: ಒಪ್ಪಿಗೆ ಪತ್ರ ಬರೆಯುವುದು

ಕನ್ನಡದ ಧ್ವನಿ ಸಂಗ್ರಹ ದೂರದ ಮಾತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್ ನಡೆಸುತ್ತಿರುವ ವಾಣಿ ಯೋಜನೆಯಲ್ಲಿ ಜನರಿಗೆ ಚಿತ್ರ ತೋರಿಸಿ, ಅವರ ಜಿಲ್ಲೆಯ ಮಾತಿನಲ್ಲೇ ಅದರ ಬಗ್ಗೆ ಹೇಳಿಸಿ ಧ್ವನಿ ಸಂಗ್ರಹಿಸಲಾಗುತ್ತಿದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲಿ ಜನರೇ ಧ್ವನಿ ಕೊಡುವ ಭಾಗಕ್ಕೆ ಭಾಷಾದಾನ ಎಂದು ಹೆಸರು. ಹೆಸರು ಚೆನ್ನಾಗಿದೆ. ಆದರೆ ದಾನ ಕೊಟ್ಟದ್ದನ್ನು ವಾಪಸು ಕೇಳಬಾರದು ಎಂದು ಮಕ್ಕಳು ಮನೆಯಲ್ಲಿ ಕಲಿತು ಬಂದಿರುತ್ತಾರೆ, ಸಮ್ಮತಿಯನ್ನಾದರೆ ವಾಪಸು ಪಡೆಯಬಹುದು. ಈ ಎರಡರ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು.

ವಾಪಸು ಪಡೆದರೆ ಆಗುವುದೇನು ಎಂಬ ಪ್ರಶ್ನೆಯೂ ಬಂತು. ಸಂಗ್ರಹದಿಂದ ಧ್ವನಿಯ ಕಡತವನ್ನು ಅಳಿಸಬಹುದು. ಅದರಿಂದ ಈಗಾಗಲೇ ಕಲಿತ ಯಂತ್ರದೊಳಗೆ ಅದು ಕೋಟಿಗಟ್ಟಲೆ ಸಂಖ್ಯೆಗಳಲ್ಲಿ ಚೂರುಚೂರಾಗಿ ಬೆರೆತುಹೋಗಿರುತ್ತದೆ, ಆರಿಸಿ ತೆಗೆಯುವುದು ಬಹಳ ಕಷ್ಟ. ಇದನ್ನು ನಾನು ವಿವರಿಸುತ್ತಿರುವಾಗಲೇ ಒಬ್ಬ ಹುಡುಗಿ, “ಹೆಪ್ಪು ಹಾಕಿದ ಮ್ಯಾಲೆ ಮಜ್ಜಿಗಿ ಬ್ಯಾರೆ ತಗಿಯಾಕ ಬರ್ತೈತೇನ್ರೀ?” ಎಂದಳು. ನನ್ನ ಚಾರ್ಟಿಗಿಂತ ಅದೇ ಚೆನ್ನಾಗಿತ್ತು. ಆದ್ದರಿಂದ “ಯಾವಾಗ ಬೇಕಾದರೂ ಬೇಡ ಎನ್ನಬಹುದು” ಎಂದಷ್ಟೇ ಬರೆದರೆ ಸಾಲದು, ಹೆಪ್ಪು ಹಾಕುವ ಮೊದಲು, ಹಾಕಿದ ಮೇಲೆ ಎಂದು ಎರಡನ್ನೂ ಬರೆಯಬೇಕು ಎಂದು ತರಗತಿ ತೀರ್ಮಾನಿಸಿತು.

ಚಟುವಟಿಕೆ ಸರಳ. ಊರಲ್ಲಿ ಧ್ವನಿ ಸಂಗ್ರಹಿಸಲು ಬರುವವರ ಪರವಾಗಿ ಪ್ರತಿ ಗುಂಪು ಒಂದು ಒಪ್ಪಿಗೆ ಪತ್ರ ಬರೆಯಬೇಕು. ಏನು ತೆಗೆದುಕೊಳ್ಳುತ್ತೇವೆ, ಯಾಕೆ, ಯಾರ ಹತ್ತಿರ ಇರುತ್ತದೆ, ಬೇಡ ಎನ್ನುವುದು ಹೇಗೆ, ಈ ನಾಲ್ಕೂ ಅದರಲ್ಲಿರಬೇಕು, ಅಜ್ಜಿಗೆ ತಿಳಿಯಬೇಕು. ಮೊದಲ ಕರಡುಗಳೆಲ್ಲ “ಈ ಮೂಲಕ ದೃಢೀಕರಿಸುವುದೇನೆಂದರೆ” ಎಂದು ಶುರುವಾದವು. ಯಾವುದೋ ಅರ್ಜಿಯ ನೆನಪು. ಬಾಯಿಮಾತಿನಲ್ಲಿ ಬರೆಯಿರಿ ಎಂದ ಮೇಲೆ ಬದಲಾದವು. ಓದಲು ಬಾರದ ಅಜ್ಜಿಗೆ, ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಇದೇ ಪತ್ರ ಹೇಗೆ ತಲುಪುತ್ತದೆ ಎಂದು ಕೇಳಿದಾಗ ಒಂದು ಗುಂಪು ಚಿತ್ರದಲ್ಲಿ ಮಾಡಿತು, ಇನ್ನೊಂದು ಓದಿ ಹೇಳುವವರು ಸಂಗ್ರಹಿಸಲು ಬಂದವರೇ ಆಗಿರಬಾರದು ಎಂಬ ಷರತ್ತು ಸೇರಿಸಿತು. ಈ ಷರತ್ತು ನನ್ನ ಯೋಜನೆಯಲ್ಲಿ ಇರಲಿಲ್ಲ.

ಮೌಲ್ಯಮಾಪನಕ್ಕೆ ಕೊಟ್ಟ ಕೊನೆಯ ಪ್ರಶ್ನೆ: ಹತ್ತು ಜನರನ್ನು ಧ್ವನಿ ಕೇಳಲಾಯಿತು, ಮೂವರು ಬೇಡ ಎಂದರು. ಸರಾಸರಿ ದೋಷ ಕಂಡುಹಿಡಿಯುವಾಗ ಹತ್ತರಿಂದ ಭಾಗಿಸಬೇಕೋ ಏಳರಿಂದಲೋ? ಹತ್ತರಿಂದ ಭಾಗಿಸಿದರೆ ಆ ಮೂವರಿಗೆ ದೋಷ ಸೊನ್ನೆ ಎಂದು ಸುಳ್ಳು ಹೇಳಿದಂತೆ. ಏಳರಿಂದ ಭಾಗಿಸಿ ಸುಮ್ಮನಾದರೆ ಆ ಮೂವರನ್ನು ಕೇಳಿದ್ದೇ ಮರೆತುಹೋಗುತ್ತದೆ. ಹೆಚ್ಚಿನವರು ಏಳು ಎಂದು ಬರೆದರು, ಅದಕ್ಕೆ ಪೂರ್ಣ ಅಂಕ ಕೊಟ್ಟೆ. ಕೆಲವರು ಕೋಷ್ಟಕದ ಕೆಳಗೆ ಇನ್ನೊಂದು ಸಾಲು ಎಳೆದು “ಕೇಳಿದ್ದು 10, ಒಪ್ಪಿದ್ದು 7, ಒಪ್ಪದ್ದು 3” ಎಂದು ಸೇರಿಸಿದ್ದರು. ಒಬ್ಬ ಮಾತ್ರ ಅದರ ಪಕ್ಕದಲ್ಲಿ ‘ಕಾರಣ’ ಎಂಬ ಕಾಲಂ ಹಾಕಿ, ಆಮೇಲೆ ಅದನ್ನು ಹೊಡೆದುಹಾಕಿ, “ಕೇಳಬಾರದು” ಎಂದು ಬರೆದಿದ್ದ.